ಪ್ರೇಮಾವತಿಯ ಎಡಗಾಲು

"ಮೆಲ್ಲ ಪ್ರೇಮಕ್ಕ, ನಾನು ಮನುಷ್ಯಳು, ಹುಣಸೆಹಣ್ಣಲ್ಲ!"

ಶಾಲೆಯ ಅಡುಗೆ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಗೋಣಿ ಹಾಸಿ ಬೋರಲು ಮಲಗಿದ್ದ ಜುಲೈಕಾ ಕೂಗಿದಳು. ಮಕ್ಕಳ ಊಟ ಮುಗಿದಿತ್ತು, ಪಾತ್ರೆ ತೊಳೆದಾಗಿತ್ತು. ತೊಳೆಯುವಾಗಲೇ ಅವಳ ಸೊಂಟ ಹಿಡಿದದ್ದು.

"ಕೂಗಬೇಡ, ಇನ್ನೊಂದೇ ಉಂಟು" ಎಂದು ಪ್ರೇಮಾವತಿ ಬಾಗಿಲ ದಾರಂದ ಹಿಡಿದು, ಬಲಗಾಲ ಮೇಲೆ ನಿಂತು, ಎಡಗಾಲಿನಿಂದ ಜುಲೈಕಾಳ ಸೊಂಟವನ್ನು ಮೂರನೇ ಸಲ ತುಳಿದಳು. ತುಳಿದವಳ ಬಾಯಿಂದಲೇ "ಅಮ್ಮಾ" ಎಂದು ಬಂತು. ಸೊಂಟದಿಂದ ಹೊರಟ ನೋವು ತೊಡೆಯ ಹಿಂದಿನಿಂದ ಹಿಮ್ಮಡಿಗೆ ಇಳಿದು, ಅಲ್ಲಿ ಸ್ವಲ್ಪ ಹೊತ್ತು ಕೂತು ಹೋಯಿತು.

ಜುಲೈಕಾ ಎದ್ದು ಕೂತಳು. "ನನ್ನದು ಹೋಯಿತು. ಊರಿನವರ ಸೊಂಟಕ್ಕೆಲ್ಲ ನಿಮ್ಮ ಕಾಲುಂಟು. ನಿಮ್ಮ ಸೊಂಟಕ್ಕೆ ಯಾರ ಕಾಲು?"

ಪುಂಜಾಲಕಟ್ಟೆಯ ಸುತ್ತ ಇದನ್ನು ಕೇಳದವರಿಲ್ಲ. ಪ್ರೇಮಾವತಿ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಮೂರು ಸಲ ತುಳಿದರೆ ಉಳುಕು ಹೋಗುತ್ತದೆ ಎಂಬ ನಂಬಿಕೆಗೆ ಅವಳು ಎಂಟನೇ ವಯಸ್ಸಿನಿಂದ ಕಾಲು ಕೊಡುತ್ತಾ ಬಂದಿದ್ದಾಳೆ. ಈಗ ಐವತ್ತೆರಡು. ತುಳಿದದ್ದಕ್ಕೆ ಏನೂ ತೆಗೆದುಕೊಳ್ಳಬಾರದು. ಬಂದವರಿಗೆ ಇಲ್ಲ ಎನ್ನಲೂಬಾರದು. ಇಲ್ಲ ಎಂದರೆ ಆ ಉಳುಕು ತುಳಿಯದವಳ ಸೊಂಟಕ್ಕೇ ಬಂದು ಕೂರುತ್ತದಂತೆ.

ಕಳೆದ ದೀಪಾವಳಿಗೆ ಅವಳು ಒಮ್ಮೆ ಇಲ್ಲ ಎಂದಿದ್ದಳು. ಮೈ ಸುಡುವ ಜ್ವರ, ಹೊರಗೆ ರಿಕ್ಷಾದ ಧನರಾಜ ನರಳುತ್ತಾ ನಿಂತಿದ್ದ. "ನಾಳೆ ಬಾ ಮಾರಾಯ" ಎಂದಳು. ಅವನು ಮತ್ತೆ ಬರಲಿಲ್ಲ. ನಾಲ್ಕನೇ ದಿನ ಅವಳ ಸೊಂಟ ಹಿಡಿಯಿತು. "ಧನರಾಜನದ್ದೇ" ಎಂದಿತು ಊರು. ಅವಳಿಗೂ ಹಾಗೇ ಅನಿಸಿತು. ಅಂದಿನಿಂದ ಒಬ್ಬರನ್ನೂ ಹಿಂದೆ ಕಳಿಸಿಲ್ಲ. ಚಾರ್ಮಾಡಿಯ ನಾಟಿ ವೈದ್ಯರ ಎಣ್ಣೆ ತಿಕ್ಕಿಸಿಕೊಂಡಳು, ಮೆಡಿಕಲ್‌ನ ಬೆಲ್ಟು ಕಟ್ಟಿಕೊಂಡಳು, ಧರ್ಮಸ್ಥಳಕ್ಕೆ ಹರಕೆ ಹೇಳಿಕೊಂಡಳು, ಮಾತ್ರೆ ನುಂಗಿ ಹೊಟ್ಟೆ ಉರಿಸಿಕೊಂಡಳು. ತುಳಿಯುವುದೊಂದನ್ನು ನಿಲ್ಲಿಸಲಿಲ್ಲ. ನೋವೂ ನಿಲ್ಲಲಿಲ್ಲ.

ಕೊನೆಗೆ ಗಂಡ ಸಂಕಪ್ಪ ಮಂಗಳೂರಿಗೆ ಕರೆದುಕೊಂಡು ಹೋಗಿ ಬೆನ್ನಿನ ಫೋಟೋ ತೆಗೆಸಿದ. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರಕ್ಕೆ ಒತ್ತುತ್ತಿದೆ, ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಆ 'ಬಹುದು' ಸಂಕಪ್ಪನಿಗೆ ಕೇಳಲಿಲ್ಲ, ಅಲ್ಲೇ ದಿನ ಹಿಡಿದು ಬಂದ. ಅದಕ್ಕೆ ಇನ್ನು ಒಂಬತ್ತು ದಿನ.

ಕೊಯ್ಯುವುದಕ್ಕೆ ಪ್ರೇಮಾವತಿ ಹೆದರಿದವಳಲ್ಲ. ಆಮೇಲೆ ಮೂರು ತಿಂಗಳು ಅಡುಗೆಗೆ ಹೋಗುವ ಹಾಗಿಲ್ಲ. ಬಿಸಿಯೂಟದವರಿಗೆ ಅಷ್ಟು ರಜೆ ಎಲ್ಲಿಯದು? ಶಾಲಾ ಸಮಿತಿಯ ಅಧ್ಯಕ್ಷ ಪದ್ಮಯ್ಯ ಗೌಡರು ಈಗಾಗಲೇ ತಮ್ಮ ಹೆಂಡತಿಯ ಕಡೆಯ ಒಬ್ಬಳನ್ನು ನೋಡಿಟ್ಟಿದ್ದರು. ಹದಿನೇಳು ವರ್ಷ ನೂರಿಪ್ಪತ್ತು ಮಕ್ಕಳಿಗೆ ಬಡಿಸಿದ ಸೌಟನ್ನು ಯಾರದೋ ಕೈಗೆ ಕೊಟ್ಟು ಮನೆಯಲ್ಲಿ ಕೂರುವುದೆಂದರೆ ಅವಳಿಗೆ ಅದೇ ದೊಡ್ಡ ಬೇನೆ.

"ಕೊಯ್ಯುವ ಮೊದಲು ಒಮ್ಮೆ ಮೂಡಬಿದ್ರೆಯ ಫಿಸಿಯೋಥೆರಪಿಗೆ ಹೋಗಿ ನೋಡಿ" ಎಂದಳು ಜುಲೈಕಾ. "ನನ್ನ ತಂಗಿ ಸೌದಾ ಸ್ಕೂಟಿಯಿಂದ ಬಿದ್ದಾಗ ಅಲ್ಲೇ ಹೋದದ್ದು. ಸೂಜಿ ಇಲ್ಲ, ಕತ್ತಿ ಇಲ್ಲ. ಬೈಗಳು ಮಾತ್ರ ಉಂಟು."

ಸೋಮವಾರ ಎರಡು ಬಸ್ಸು ಬದಲಿಸಿ, ಎರಡರಲ್ಲೂ ನಿಂತುಕೊಂಡೇ ಪ್ರೇಮಾವತಿ ಮೂಡಬಿದ್ರೆ ಮುಟ್ಟಿದಳು. ಫಿಸಿಯೋಥೆರಪಿಯ ಹುಡುಗಿಯ ಹೆಸರು ಪ್ರಾಪ್ತಿ. ಮಂಗಳೂರಿನ ಕಾಗದಗಳನ್ನೆಲ್ಲ ಓದಿದಳು. ಕಾಲು ಎತ್ತಿಸಿದಳು, ಬೆರಳು ಮಡಚಿಸಿದಳು, ಪಾದಕ್ಕೆ ಹತ್ತಿ ಮುಟ್ಟಿಸಿ "ಗೊತ್ತಾಗ್ತದಾ?" ಎಂದು ಕೇಳಿದಳು. ಆಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿದಳು.

"ಅಮ್ಮ, ನೀವು ಯಾವಾಗಲೂ ಬಲಗಾಲಿನ ಮೇಲೇ ಭಾರ ಹಾಕ್ತೀರಿ. ಎಡಗಾಲಿನಲ್ಲಿ ಎಂತ ಕೆಲಸ ನಿಮಗೆ?"

ಮಂಗಳೂರಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ನಾಚಿಕೆಯಿಂದ ಹೇಳುತ್ತಿರಲಿಲ್ಲವೋ ಏನೋ. ಈ ಹುಡುಗಿಯ ಮುಖ ನೋಡಿ ಹೇಳಿಬಿಟ್ಟಳು.

ಪ್ರಾಪ್ತಿ ನಗಲಿಲ್ಲ. "ನನ್ನ ಅಜ್ಜಿಯೂ ತುಳಿಸಿಕೊಳ್ಳಲಿಕ್ಕೆ ಹೋಗ್ತಿದ್ದರು. ವಾರಕ್ಕೆ ಎಷ್ಟು ಜನ ಬರ್ತಾರೆ?"

"ಐದಾರು. ಗದ್ದೆಯಲ್ಲಿ ನೇಜಿ ನೆಡುವ ಸಮಯದಲ್ಲಿ ಲೆಕ್ಕ ಇಲ್ಲ."

"ಒಂದೇ ಕಾಲಲ್ಲಿ ನಿಂತು, ಸೊಂಟ ತಿರುಚಿ, ಇನ್ನೊಂದು ಕಾಲಲ್ಲಿ ಒತ್ತುವುದು. ನಲವತ್ತನಾಲ್ಕು ವರ್ಷ!" ಹುಡುಗಿ ತಲೆಗೆ ಕೈ ಇಟ್ಟಳು. "ಮೊದಲು ನೋವು ಬಂದ ದಿನ ಎಂತ ಮಾಡ್ತಿದ್ರಿ?"

"ಅದು ಧನರಾಜನದ್ದು…"

"ಧನರಾಜ ಇರಲಿ. ನೀವು ಎಂತ ಮಾಡ್ತಿದ್ರಿ?"

ಪ್ರೇಮಾವತಿ ನೆನಪು ಮಾಡಿಕೊಂಡಳು. "ಅನ್ನದ ಪಾತ್ರೆ ಇಳಿಸ್ತಿದ್ದೆ. ಜುಲೈಕಾ ಬಂದಿರಲಿಲ್ಲ. ಒಬ್ಬಳೇ…" ಹಾಗಾದರೆ ಇದು ಧನರಾಜನದ್ದಲ್ಲ. ಎಂಟು ತಿಂಗಳು! ಎಂಟು ತಿಂಗಳಿನಿಂದ ನೋವು ಬಂದಾಗಲೆಲ್ಲ ಆ ಪಾಪದ ಮನುಷ್ಯನನ್ನು ಬೈದದ್ದು ಬೈದದ್ದೇ, ಎದುರು ಸಿಕ್ಕಿದರೆ ಮುಖ ತಿರುಗಿಸಿದ್ದೇ!

"ಪಾದಕ್ಕೆ ಬಲ ಉಂಟು, ಸ್ಪರ್ಶ ಉಂಟು" ಎಂದಳು ಪ್ರಾಪ್ತಿ. "ಈ ಕಾಗದದಲ್ಲಿ ಅವಸರ ಅಂತ ಎಲ್ಲಿಯೂ ಬರೆದಿಲ್ಲ. ಆರು ವಾರ ನಾನು ಹೇಳಿದ ವ್ಯಾಯಾಮ ಮಾಡಿ ನೋಡಬಹುದು. ಆದರೆ ನನ್ನ ಮಾತು ಮಾತ್ರ ಕೇಳುವುದು ಬೇಡ, ಆಪರೇಷನ್ ಹೇಳಿದ ಡಾಕ್ಟರನ್ನೇ ಕೇಳಿ. ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು. ಒಬ್ಬರೇ ಭಾರ ಎತ್ತಬಾರದು. ತುಳಿಯುವುದು ಇವತ್ತಿಗೇ ಬಂದ್."

"ಇಲ್ಲ ಅಂದರೆ ನನಗೇ ಬರ್ತದಲ್ಲ?"

"ಎಲ್ಲರಿಗೂ ಹೂಂ ಅಂದು ನಿಮ್ಮ ನೋವು ಹೋದದ್ದು ಎಷ್ಟು?"

ಸಂಜೆ ಸಂಕಪ್ಪ ಎಲ್ಲ ಕೇಳಿ ಸೊಟ್ಟ ನಗೆ ನಕ್ಕ. "ನೆಲದಲ್ಲಿ ಮಲಗಿ ಮೊಣಕಾಲು ಮಡಚಿದರೆ ಗುಣ ಆಗುವುದಾದರೆ ಇಷ್ಟೆಲ್ಲ ಆಸ್ಪತ್ರೆ ಕಟ್ಟಿದ್ದು ಯಾಕೆ?"

"ಗಂಡಂದಿರು ಹೊರಗೆ ಕೂತು ಚಾ ಕುಡಿಯಲಿಕ್ಕೆ. ಫೋನು ಮಾಡಿ ಕೊಡಿ, ನಾನೇ ಕೇಳ್ತೇನೆ."

ಮಂಗಳೂರಿನ ಡಾಕ್ಟರು ಫೋನಿಗೆ ಸಿಗುವಾಗ ಕತ್ತಲಾಗುತ್ತಾ ಬಂದಿತ್ತು. ಕಾಯಬಹುದು, ಆರು ವಾರ ಬಿಟ್ಟು ಬನ್ನಿ, ಮತ್ತೆ ನೋಡುವ ಎಂದರು. ಪ್ರೇಮಾವತಿ ಫೋನನ್ನು ಸಂಕಪ್ಪನ ಅಂಗೈಗೆ ಇಟ್ಟಳು. "ಕೇಳಿತಾ? ಅವರೂ 'ನೋಡುವ' ಅಂದದ್ದು. 'ಬಹುದು', 'ನೋಡುವ'. ಅವರು ಒಂದು ಸಲವಾದರೂ 'ಬೇಕು' ಅಂದಿದ್ದಾರಾ? ಆ ಶಬ್ದ ನಿಮ್ಮದೇ."

ಮರುದಿನ ಹನ್ನೆರಡೂವರೆಗೆ ಪದ್ಮಯ್ಯ ಗೌಡರು ಶಾಲೆಗೆ ಬಂದರು. ರಬ್ಬರ್ ಶೀಟಿನ ಕಟ್ಟು ಎತ್ತಲು ಹೋಗಿ ಹೇಗೆ ಬಗ್ಗಿದ್ದರೋ ಅದೇ ಆಕಾರದಲ್ಲಿ ಬಂದಿದ್ದರು. ಅಡುಗೆ ಕೋಣೆಯ ಎದುರಿನ ಜಗಲಿಯ ಕಂಬ ಹಿಡಿದು, "ಪ್ರೇಮ, ಬೇಗ ಒಮ್ಮೆ ತುಳಿ ಮಾರಾಯ್ತಿ. ಜೀವ ಹೋಗ್ತಾ ಉಂಟು" ಎಂದರು.

ಜುಲೈಕಾ ಈಳಿಗೆಮಣೆಯಿಂದ ತಲೆ ಎತ್ತಿ ನೋಡಿದಳು. ಪ್ರೇಮಾವತಿ ಬಾಗಿಲಿಗೆ ಬಂದಳು. ಸೊಂಟ ಬೆಳಗ್ಗಿನಿಂದ ಮೊದಲಿಗಿಂತಲೂ ಜಾಸ್ತಿ ನೋಯುತ್ತಿತ್ತು. ವ್ಯಾಯಾಮ ಮಾಡಿದ್ದು ಒಂದೇ ದಿನ. ಗುಣವಾದೀತೋ ಇಲ್ಲವೋ ಯಾರಿಗೆ ಗೊತ್ತು. ಆದರೂ ಎಡಗಾಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದಳು.

"ಆಗುವುದಿಲ್ಲ ಪದ್ಮಯ್ಯಣ್ಣ. ನಾನು ತುಳಿಯುವುದು ಬಿಟ್ಟಿದ್ದೇನೆ."

"ಬಿಟ್ಟದ್ದಾ? ಯಾವಾಗ?"

"ಈಗ."

"ನಿನಗೇ ಬರ್ತದೆ, ನೋಡು. ಧನರಾಜನದ್ದು ಮರೆತೆಯಾ?"

"ಬರುವುದೆಲ್ಲ ಬಂದಾಗಿದೆ. ನಿಮ್ಮದಕ್ಕೆ ಇನ್ನು ಜಾಗ ಎಲ್ಲುಂಟು?"

ಗೌಡರ ಮುಖ ಕೆಂಪಾಯಿತು. "ಮೈಯಲ್ಲಿ ಆಗದವರು ಅಡುಗೆ ಕೆಲಸಕ್ಕೆ ಯಾಕೆ? ಮುಂದಿನ ಮೀಟಿಂಗಿನಲ್ಲಿ ಬೇರೆ ಜನ ಇಡುವ ವಿಷಯ ತೆಗೀತೇನೆ."

"ತೆಗೀರಿ. ನಾನೂ ಬರ್ತೇನೆ. ಹದಿನೇಳು ವರ್ಷದಿಂದ ಅನ್ನದ ಪಾತ್ರೆ ಎತ್ತಿದ ಸೊಂಟ ಇದು, ಇದನ್ನೇ ಎದುರಿಗೆ ನಿಲ್ಲಿಸಿ ಮಾತಾಡ್ತೇನೆ. ಒಲೆ ಎತ್ತರ ಮಾಡಿ ಕೊಡಿ, ಪಾತ್ರೆ ಇಳಿಸಲಿಕ್ಕೆ ಇಬ್ಬರು ಬೇಕು ಅಂತ ಬರೆದು ಕೊಡ್ತೇನೆ. ನನ್ನನ್ನು ತೆಗೆಯುವುದಾದರೆ ನೀವೂ ಕಾರಣ ಬರೆದು ಕೊಡಿ. ಅಧ್ಯಕ್ಷರ ಬೆನ್ನು ತುಳಿಯಲಿಲ್ಲ ಅಂತ ಬರೆಯಿರಿ. ತಾಲೂಕು ಆಫೀಸಿನವರೂ ಓದಲಿ."

"ಅಲ್ಲಾಹ್!" ಎಂದಳು ಜುಲೈಕಾ, ಸೆರಗು ಬಾಯಿಗೆ ಒತ್ತಿ.

ಗೌಡರು ತಿರುಗಿ ಹೊರಟರು. ಎರಡು ಹೆಜ್ಜೆಯಾಗುವಾಗ "ಅಯ್ಯಯ್ಯೋ" ಎಂದು ಜಗಲಿಯ ಬೆಂಚು ಹಿಡಿದುಕೊಂಡರು. ಹೋಗಲೂ ಆಗದು, ಕೂರಲೂ ಆಗದು.

ಪ್ರೇಮಾವತಿ ಅವರನ್ನೇ ನೋಡಿದಳು. ಬೈದ ಬಾಯಿ ಇನ್ನೂ ಬಿಸಿಯಾಗಿತ್ತು, ಆದರೆ ಆ ನೋವಿನ ದಾರಿ ಅವಳಿಗೆ ಗೊತ್ತಿತ್ತಲ್ಲ. "ಬೆಂಚಿನಲ್ಲಿ ಅಂಗಾತ ಮಲಗಿ. ಮೊಣಕಾಲು ಮಡಚಿ. ಹಾಗಲ್ಲ, ಎರಡೂ. ಈಗ ಮೆಲ್ಲ ಉಸಿರು ಬಿಡಿ. ಕಾಲಿಗೆ ಜೋಮು ಉಂಟಾ?"

"ಇಲ್ಲ."

"ಹಾಗಾದರೆ ಸಾಯುವುದಿಲ್ಲ. ಸ್ವಲ್ಪ ತಡೆದುಕೊಂಡು ಡಾಕ್ಟರಲ್ಲಿಗೆ ಹೋಗಿ."

"ಮೀಟಿಂಗು ಶನಿವಾರ" ಎಂದರು ಗೌಡರು, ಮಾಡಿನ ಹಂಚು ನೋಡುತ್ತಾ.

"ಬರ್ತೇನೆ ಅಂದೆನಲ್ಲ."

ಊಟದ ಗಂಟೆ ಹೊಡೆಯಿತು. ಬಟ್ಟಲು ಹಿಡಿದು ಸಾಲಾಗಿ ಬಂದ ಮಕ್ಕಳಲ್ಲಿ ಎಲ್ಲರಿಗಿಂತ ಮುಂದಿದ್ದ ಒಂದನೇ ಕ್ಲಾಸಿನ ಹುಡುಗಿ, ಮೊಣಕಾಲು ಮೇಲೆ ಮಾಡಿ ಮಲಗಿದ ಅಧ್ಯಕ್ಷರನ್ನು ಕಂಡು ಗಕ್ಕನೆ ನಿಂತಳು. ಹಿಂದಿನವರೆಲ್ಲ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಒಳಗೆ ಪ್ರೇಮಾವತಿ ಪಾತ್ರೆಯ ಒಂದು ಕಿವಿ ಹಿಡಿದಳು, ಜುಲೈಕಾ ಇನ್ನೊಂದು. ಇಬ್ಬರೂ ಬೆನ್ನು ನೆಟ್ಟಗೆ ಇಟ್ಟು, ಮೊಣಕಾಲು ಮಡಚಿ, ಒಂದೇ ಉಸಿರಿಗೆ ಅನ್ನವನ್ನು ಕೆಳಗಿಳಿಸಿದರು. ಪ್ರೇಮಾವತಿ ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಬಾರಿ ಬಡಿದಳು, ಸಾಲು ಮುಂದೆ ಹೊರಟಿತು.