ಪುಟ್ಟಗಂಗಮ್ಮನಿಗೆ ಓದದ ಸಾಲುಗಳು

ಶನಿವಾರ ಸಂಜೆ ನಾಲ್ಕಕ್ಕೆ, ಉಪ್ಪಾರಹಳ್ಳಿಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದ ಅರುಣಾಳಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಶೇಕಡ ಎಪ್ಪತ್ತೊಂದು ಅನುವಾದವಾಗಿದ್ದ ಕನ್ನಡದ ಫೈಲು ಇಂದು ನೂರಕ್ಕೆ ನೂರು ಎಂದು ತೋರಿಸುತ್ತಿತ್ತು.

ಬಸುರಿ ಬಾಣಂತಿಯರ ತಪಾಸಣೆಯ ವಿವರ ಬರೆದಿಡುವ ಆ್ಯಪ್ ಅದು. ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಕೂತು ಕಟ್ಟಿದ್ದು. ಅದರ ಆರುನೂರು ಸಾಲುಗಳನ್ನು ಕನ್ನಡಕ್ಕೆ ತರುವ ಹೊಣೆ ಅರುಣಾಳದು. ಮೂರು ವರ್ಷದಿಂದ ಅವಳದು ಒಂದೇ ವ್ರತ: ಬರೆದ ಸಾಲನ್ನು, ಆ ಆ್ಯಪ್ ಬಳಸುವ ಗುಬ್ಬಿಯ ಆಶಾ ಕಾರ್ಯಕರ್ತೆ ಪುಟ್ಟಗಂಗಮ್ಮನಿಗೆ ಫೋನಿನಲ್ಲಿ ಓದಬೇಕು. ಆಕೆ ‘ಹ್ಞೂಂ’ ಅಂದರೆ ಮಾತ್ರ ಅದು ಫೈಲಿಗೆ. ಅಲ್ಲಿಯವರೆಗೆ ಖಾಲಿ. ಖಾಲಿ ಬಿಟ್ಟ ಕಡೆ ಇಂಗ್ಲಿಷೇ ಕಾಣುತ್ತಿತ್ತು.

ಕುಣಿಗಲ್ಲಿನಲ್ಲಿ ಕಂಪ್ಯೂಟರ್ ಕಲಿಸುವ ಪ್ರಭುದೇವ ಈ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಸೇರಿದ ದಿನ ಇಳಿಸಿಕೊಂಡಿದ್ದ ಹಳೆಯ ಪ್ರತಿಯನ್ನೇ ಯಂತ್ರಾನುವಾದದಿಂದ ತುಂಬಿಸಿ, ಅವಳದರ ಮೇಲೆ ಹೇರಿಬಿಟ್ಟಿದ್ದ. ಆರು ತಿಂಗಳ ‘ಹ್ಞೂಂ’ಗಳೆಲ್ಲ ಅಳಿಸಿಹೋಗಿದ್ದವು.

“ಅಕ್ಕಾ, ನೋಡಿದ್ರಾ? ಹಂಡ್ರೆಡ್ ಪರ್ಸೆಂಟ್!” ಎಂದ ಅವನು, ಅರುಣಾ ಫೋನು ಮಾಡಿದ ಕೂಡಲೇ.

“ಯಾರನ್ನ ಕೇಳಿ ಕೈ ಹಾಕಿದ್ರಿ?”

“ಇವತ್ತು ಆರು ಗಂಟೆಗೆ ಎಂಬತ್ತು ದಾಟದೇ ಇರೋ ಭಾಷೆನೆಲ್ಲ ಕಿತ್ತಾಕ್ತಾರೆ ಅಕ್ಕಾ, ಮತ್ತೆ ಸೇರ್ಸೋದು ಆರು ತಿಂಗ್ಳು ಬಿಟ್ಟೇ. ನೀವು ಒಂದೊಂದು ಸಾಲಿಗೂ ಮಂಗಳಾರತಿ ಮಾಡ್ಕೊಂಡ್ ಕೂತಿದ್ರೆ ಕನ್ನಡಾನೇ ಇರಲ್ಲ.”

ಅವನು ಹೇಳಿದ್ದು ನಿಜ. ಅದೇ ಹೆಚ್ಚು ಉರಿಸಿತು. ಅವಳು ತನ್ನ ಫೈಲನ್ನು ಹಿಂದಕ್ಕೆ ತಂದಳು. ಮತ್ತೆ ಎಪ್ಪತ್ತೊಂದು, ಎಂಬತ್ತಕ್ಕೆ ಇನ್ನೂ ಐವತ್ತನಾಲ್ಕು ಸಾಲು ಬೇಕು. ಖಾಲಿ ಜಾಗಕ್ಕೆ ಅವನವನ್ನೇ ಸುರಿದರೆ ಮುಗಿಯಿತು, ಆದರೆ ಅವಳಿಗೆ ಮನಸ್ಸಾಗಲಿಲ್ಲ. ಪುಟ್ಟಗಂಗಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು.

“ಅಂಗಾರೆ ಇನ್ನಾರು ತಿಂಗ್ಳು ಪೂರ್ತಿ ಇಂಗ್ಲೀಷಾ?” ಆಕೆ ರೇಗಿದಳು. “ಏನವ್ವಾ ನಿನ್ ಹಟ! ಆವಯ್ಯ ಬರೆದಿರೋದು ಏನೈತೋ ಓದ್ಸು, ಕೇಳನ.”

ಅರುಣಾ ಪ್ರಭುದೇವನನ್ನೂ ಅದೇ ಕರೆಗೆ ಸೇರಿಸಿದಳು. ಅವನು ಗಂಟಲು ಸರಿಮಾಡಿಕೊಂಡು ಓದಿದ: “ಫಲಾನುಭವಿಯ ಪ್ರಸವಪೂರ್ವ ಭೇಟಿಯ ದತ್ತಾಂಶವನ್ನು ಯಶಸ್ವಿಯಾಗಿ ಸಮನ್ವಯಗೊಳಿಸಲಾಗಿದೆ.”

ಆ ಕಡೆಯಿಂದ ‘ಹ್ಞೂಂ’ ಬರಲಿಲ್ಲ.

ಇನ್ನೊಂದು ಓದಿದ. ಆಗಲೂ ಇಲ್ಲ. ಮೂರನೆಯದಕ್ಕೆ ಪುಟ್ಟಗಂಗಮ್ಮ ಬಾಯಿಬಿಟ್ಟಳು: “ಇಂಗ್ಲೀಷ್ ಸಾಕು ಬುಡಪ್ಪಾ. ಕನ್ನಡದ್ದು ಓದು.”

ಅರುಣಾಳಿಗೆ ನಗು ಬರಬೇಕಿತ್ತು, ಬರಲಿಲ್ಲ.

“ಓದಿ ಸಾರ್,” ಅಂದಳು ಹಲ್ಲು ಕಚ್ಚಿ. “ಕನ್ನಡದ್ದು.”

“ಅದ್ರ ಅರ್ಥ ಏನು ಅಂತ ಹೇಳ್ತೀನಿ, ನೀವೇ ಹೇಳ್ಕೊಡಿ,” ಎಂದ ಪ್ರಭುದೇವ, ಪುಟ್ಟಗಂಗಮ್ಮನಿಗೆ. ಅವನ ದನಿ ಇಳಿದಿತ್ತು.

“ತಾಯಿ ಚೆಕಪ್ ಸೇವ್ ಆಯ್ತು ಅನ್ನು. ಅಷ್ಟಕ್ಕೆ ಇಷ್ಟುದ್ದ ಯಾಕೆ?”

ಅವನು ಅರ್ಥ ಹೇಳುವುದು, ಆಕೆ ಮಾತು ಕೊಡುವುದು, ಅರುಣಾ ಬರೆಯುವುದು. ಆರಕ್ಕೆ ಐದು ನಿಮಿಷವಿದ್ದಾಗ ಒಂಬತ್ತು ಸಾಲು ಬಾಕಿ.

“ಅಕ್ಕಾ, ಒಂಬತ್ತೇ ಒಂಬತ್ತು. ನನ್ನವನ್ನೇ ಹಾಕ್ಬಿಡಿ. ಯಾರಿಗೆ ಗೊತ್ತಾಗತ್ತೆ?”

ಅರುಣಾಳ ಬೆರಳು ಕೀಲಿಯ ಮೇಲೆಯೇ ನಿಂತಿತ್ತು. “ಇವ್ರಿಗೆ,” ಅಂದಳು. ಕೈ ತೆಗೆದಳು.

ಆರಕ್ಕೆ ಭಾಷೆಗಳ ಪಟ್ಟಿಯಿಂದ ಕನ್ನಡ ಇಲ್ಲವಾಯಿತು. ಅವಳು ಅದನ್ನು ಹೇಳಿದಳು. ಯಾರೂ ಕರೆ ಕಡಿಯಲಿಲ್ಲ.

“ಅವ್ನು ಆತುರ ಬಿದ್ದ, ನೀನು ಹಟ ಹಿಡ್ದೆ,” ಪುಟ್ಟಗಂಗಮ್ಮ ಸಿಡಿದಳು. “ಅನುಭವ್ಸೋಳು ನಾನು. ಆ ಒಂಬತ್ತೂ ಈಗ್ಲೇ ಮುಗಿಸ್ರಿ. ಮುಂದಿನ್ ಸಲ ಅವಕ್ಕೇಂತ ಫೋನ್ ಮಾಡಿದ್ರೆ ನಾನು ಎತ್ತಾಕಿಲ್ಲ.”