ಚರ್ಚಿನ ದಿಬ್ಬದಲ್ಲಿ ನಿಲ್ಲಿಸಬಾರದು

ತೈಸ್ಟೊ ತೀರಿಹೋದಾಗ ಹೆಂಡತಿ ಹಿಲ್ಕಾಗೆ ಮೊದಲು ಹೊಳೆದದ್ದು, ಇನ್ನು ಮೇಲೆ ಕಾರಿನಲ್ಲಿ ನೆಮ್ಮದಿಯಾಗಿ ಕೂರಬಹುದು ಎಂಬುದು. ಅಳು ಬಂದದ್ದು ಆಮೇಲೆ.

ತೈಸ್ಟೊ ಉತ್ತರ ಫಿನ್ಲೆಂಡಿನ ಕೆಮಿಯಾರ್ವಿ ಸೀಮೆಯ ಡ್ರೈವಿಂಗ್ ಮೇಷ್ಟ್ರು. ಸುತ್ತಲಿನ ಅರ್ಧ ಜನಕ್ಕೆ ಮಂಜುಗಡ್ಡೆಯ ಮೇಲೆ ಗಾಡಿ ಓಡಿಸಲು ಕಲಿಸಿದವನು, ಉಳಿದರ್ಧಕ್ಕೆ ಕೇಳದಿದ್ದರೂ ಬುದ್ಧಿ ಹೇಳಿದವನು. ಹೆಂಡತಿಗಂತೂ ಎಷ್ಟು ಹೇಳಿದ್ದನೆಂದರೆ, ಒಂದು ಚಳಿಗಾಲ ಅವಳು ನಡುದಾರಿಯಲ್ಲೇ ಕೀಲಿಕೈಯನ್ನು ಅವನ ಮಡಿಲಿಗೆ ಎಸೆದು ಮನೆಗೆ ನಡೆದುಬಂದಿದ್ದಳು. ಅಲ್ಲಿಂದೀಚೆಗೆ ಅವನು ಪಕ್ಕದಲ್ಲಿರುವಾಗ ಸ್ಟೀರಿಂಗ್ ಮುಟ್ಟಿರಲಿಲ್ಲ. ಇಂಥ ಮನುಷ್ಯ ಸತ್ತದ್ದು ರಸ್ತೆಯಲ್ಲಲ್ಲ. ಅಂಗಳದ ಸೌನಾದಲ್ಲಿ ಹಬೆಸ್ನಾನ ಮುಗಿಸಿ ಮನೆಗೆ ಬರುವಾಗ, ಸೊಂಟಕ್ಕೊಂದು ಟವೆಲ್ಲು, ಕಾಲಿಗೆ ರಬ್ಬರ್ ಚಪ್ಪಲಿ, ಮೆಟ್ಟಿಲ ಮೇಲೆ ಜಾರಿ. ಕೈಯಲ್ಲಿದ್ದ ಬಿಯರ್ ಬಾಟಲಿಗೆ ಏನೂ ಆಗಿರಲಿಲ್ಲ.

ಹೂಳುವ ಹಿಂದಿನ ದಿನ ಹಿಮದ ಮೇಲೆ ಮಳೆ ಸುರಿದು, ಬೆಳಗಾಗುವಷ್ಟರಲ್ಲಿ ಎಲ್ಲ ಹೆಪ್ಪುಗಟ್ಟಿತ್ತು. ರಸ್ತೆ ಗಾಜಿನ ಹಾಗಿತ್ತು. ತೀರಾ ಅಗತ್ಯವಿಲ್ಲದವರು ಹೊರಗೆ ಹೊರಡಬೇಡಿ ಎಂದು ರೇಡಿಯೊ ಹೇಳುತ್ತಿತ್ತು. ತೈಸ್ಟೊಗೆ ಮನೆಯಲ್ಲೇ ಉಳಿಯುವ ಸೌಲಭ್ಯವಿರಲಿಲ್ಲ.

ಶವವಾಹನ ಓಡಿಸುತ್ತಿದ್ದವನು ರೋನಿ. ದಕ್ಷಿಣದ ತುರ್ಕು ಪಟ್ಟಣದ ಕಡೆಯವನು, ಮೂವತ್ತು ದಾಟಿದ ಗಟ್ಟಿಮುಟ್ಟು ಆಳು, ಉತ್ತರಕ್ಕೆ ಬಂದು ತಿಂಗಳಾಗಿರಲಿಲ್ಲ. ಹಿಲ್ಕಾ ಅವನ ಪಕ್ಕದಲ್ಲಿ ಕೂತಿದ್ದಳು. ಹಿಂದೆ ನೆಂಟರ ಕಾರುಗಳು. ಎಲ್ಲರೂ ತೈಸ್ಟೊನ ಶಿಷ್ಯರೇ ಆದ್ದರಿಂದ ಒಬ್ಬರಿಗೊಬ್ಬರು ಎಷ್ಟು ಅಂತರ ಬಿಟ್ಟಿದ್ದರೆಂದರೆ, ಅದು ಒಂದೇ ಮೆರವಣಿಗೆಯೋ, ಬೇರೆ ಬೇರೆ ಊರಿಗೆ ಹೊರಟವರೋ ಹೇಳುವಂತಿರಲಿಲ್ಲ.

"ಸ್ವಲ್ಪ ನಿಧಾನ ಕಣಪ್ಪ," ಅಂದಳು ಹಿಲ್ಕಾ.

"ಹೆದರ್ಬೇಡಿ ಅಮ್ಮ. ಹೊಸಾ ಗಾಡಿ. ಜಾರಿದ್ರೆ ಅದೇ ಸರಿ ಮಾಡ್ಕೊಳ್ಳುತ್ತೆ."

"ಗಾಡಿ ಹೊಸದು, ಮಂಜುಗಡ್ಡೆಗೇನು ಗೊತ್ತು? ಬ್ರೇಕ್ ಕೆಳಗೆ ಮೊಟ್ಟೆ ಇದೆ ಅಂದ್ಕೊಂಡು ಒತ್ತು. ತಿರುವು ಬರೋಕ್ಕೆ ಮುಂಚೇನೆ ವೇಗ ಇಳಿಸು, ತಿರುವಿನಲ್ಲಲ್ಲ."

ಬಾಯಿಂದ ಮಾತು ಬಿದ್ದದ್ದೇ ಹಿಲ್ಕಾ ಬೆಚ್ಚಿದಳು. ಒಂದಕ್ಷರವೂ ಬಿಡದೆ ಗಂಡನ ಮಾತು. ಅವನು ಹಿಂದೆ ಪೆಟ್ಟಿಗೆಯಲ್ಲಿ ಮಲಗಿದ್ದ, ಮಾತು ಮುಂದಿನ ಸೀಟಿಗೆ ಬಂದು ಕೂತಿತ್ತು.

ತಿರುವು ದಾಟಿದರೆ ರಸ್ತೆಯ ನಡುವೆ ಹಿಮಸಾರಂಗಗಳ ಒಂದು ಗುಂಪು, ತಮ್ಮಪ್ಪನ ಅಂಗಳವೆಂಬಂತೆ ನಿಂತಿತ್ತು. ರೋನಿ ಬ್ರೇಕ್ ತುಳಿದು ಸ್ಟೀರಿಂಗನ್ನು ಗರಗರ ತಿರುಗಿಸಿದ. ಗಾಡಿ ಅಡ್ಡಕ್ಕೆ ತಿರುಗಿ ಪೈನ್ ಮರದ ಕಡೆ ಹೊರಟಿತು.

"ಮರ ನೋಡ್ಬೇಡ್ವೋ! ನೋಡಿದ ಕಡೇನೇ ಹೋಗುತ್ತೆ! ಎಡಗಡೆ ಹಿಮದ ರಾಶಿ ನೋಡು, ಅಲ್ಲಿಗೇ ಬಿಡು!"

ರೋನಿ ಹಿಮದ ರಾಶಿ ನೋಡಿದ. ಗಾಡಿ ನಿಧಾನಕ್ಕೆ ಅತ್ತ ವಾಲಿ ಮೆತ್ತಗೆ ಮೂಗು ಹುಗಿದು ನಿಂತಿತು. ಬಿಗಿದಿದ್ದ ಪಟ್ಟಿ ಸಡಿಲವಾಗಿ ಶವಪೆಟ್ಟಿಗೆ ಮುಂದಕ್ಕೆ ಜಾರಿ ಸೀಟಿನ ಬೆನ್ನಿಗೆ ಟಕ್ಕೆಂದು ಬಡಿಯಿತು.

"ಗೊತ್ತಾಯ್ತು, ಸುಮ್ನೆ ಮಲ್ಕೋ ಮಾರಾಯ," ಅಂದಳು ಹಿಲ್ಕಾ, ಹಿಂದೆ ತಿರುಗದೆ.

ಹಿಂದಿನವರು ಒಬ್ಬೊಬ್ಬರಾಗಿ ದೂರದೂರದಲ್ಲಿ ನಿಂತರು. ಯಾರೂ ಓಡಿಬರಲಿಲ್ಲ, ಓಡಬಾರದೆಂದು ಕಲಿತಿದ್ದರು. ಕಪ್ಪು ಕೋಟು ತೊಟ್ಟ ಇಡೀ ಬಳಗ ಪಾದ ಎತ್ತದೆ, ಬಾತುಗಳ ಹಾಗೆ ಪುಟ್ಟಪುಟ್ಟ ಹೆಜ್ಜೆ ಇಡುತ್ತ ಬಂತು. ಪ್ರತಿಯೊಬ್ಬರ ಕೈಯಲ್ಲೂ ಸಲಿಕೆ, ಹಗ್ಗ, ಮರಳಿನ ಚೀಲ. ಅವು ಡಿಕ್ಕಿಯಲ್ಲಿಲ್ಲದಿದ್ದರೆ ತೈಸ್ಟೊ ಕಾರು ಹತ್ತಲೂ ಬಿಡುತ್ತಿರಲಿಲ್ಲ. ಮುಂದೆ ಬಂದವಳು ಅವನ ಅಕ್ಕ ಲೆಂಪಿ.

"ಸತ್ತ ಮೇಲಾದ್ರೂ ನನ್ನ ತಮ್ಮನ್ನ ನೆಟ್ಟಗೆ ಕರ್ಕೊಂಡು ಹೋಗೋಕ್ಕಾಗಲ್ವಾ ನಿಮ್ಗೆ?"

"ನೆಟ್ಟಗೇ ಹೋಗ್ತಿದ್ದ ಅತ್ತಿಗೆ, ದಾರಿ ಸೊಟ್ಟಗಿತ್ತು. ಹಗ್ಗ ಕಟ್ಟಿ."

ಗಾಡಿಯನ್ನು ಎಳೆದು ರಸ್ತೆಗೆ ತಂದರು. ರೋನಿ ಮತ್ತೆ ಚಾಲಕನ ಸೀಟಿಗೆ ಹತ್ತಿ ಕೂತ. ಹಿಲ್ಕಾ ಪಟ್ಟಿಯನ್ನು ತಾನೇ ಬಿಗಿದು, ಬಾಗಿಲು ತೆರೆದು, "ಸರಿ ಆ ಕಡೆಗೆ," ಅಂದಳು. ಅವನು ಸರಿದ.

ಅವಳು ಎಷ್ಟು ನಿಧಾನ ಹೋದಳೆಂದರೆ ಹಿಮಸಾರಂಗಗಳೇ ಬೇಸರಪಟ್ಟು ದಾರಿ ಬಿಟ್ಟವು. ಕೊನೆಗೆ ಚರ್ಚಿನ ದಿಬ್ಬ ಬಂತು. ಅದನ್ನು ಒಂದೇ ಉಸಿರಿಗೆ ಹತ್ತಬೇಕು, ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ. ನಡುವೆ ನಿಂತರೆ ಮತ್ತೆ ಹೊರಡುವುದಿಲ್ಲ. ಹಿಂದಕ್ಕೆ ಜಾರಿ ಅಷ್ಟೂ ನೆಂಟರನ್ನು ಬಾಚಿಕೊಂಡು ಕೆಳಗಿನ ಕೆರೆ ಸೇರುತ್ತದೆ. ಕೆಳಗೆ ಎಲ್ಲರೂ ಕಾದು ನಿಂತರು. ಹಿಲ್ಕಾ ಹೊರಟಳು. ಅರ್ಧ ಹತ್ತಿದ್ದಳು, ಪಾದ್ರಿ ಓಸ್ಕರಿ ರಸ್ತೆಯ ನಡುವೆ ಪ್ರತ್ಯಕ್ಷನಾಗಿ ಎರಡೂ ಕೈ ಚಾಚಿ ನಿಂತ.

"ನಿಲ್ಲಿಸಿ! ಮೇಲೆ ಜಾಗ ಇಲ್ಲ, ಇಲ್ಲೇ ನಿಲ್ಲಿಸಿ!"

ರೋನಿ ಕಣ್ಣು ಮುಚ್ಚಿದ. ಹಿಲ್ಕಾ ಹಾರನ್ ಒತ್ತಿದಳು, ವೇಗ ಏರಿಸಲಿಲ್ಲ, ಇಳಿಸಲೂ ಇಲ್ಲ. ಗಾಡಿ ಬರುತ್ತಲೇ ಇದೆ, ಚಾಲಕಿಗೆ ನಿಲ್ಲಿಸುವ ಉದ್ದೇಶವೇ ಇಲ್ಲ ಎಂದು ತಿಳಿಯಲು ಓಸ್ಕರಿಗೆ ಸಾಕಷ್ಟು ಸಮಯವಿತ್ತು. ಅವನು ನಿಲುವಂಗಿ ಎತ್ತಿಕೊಂಡು ಹಿಮದೊಳಕ್ಕೆ ಹಾರಿದ. ಬೂಟು ಮಾತ್ರ ಹೊರಗೆ ಕಾಣುತ್ತಿತ್ತು. ಗಾಡಿ ಅದೇ ವೇಗದಲ್ಲಿ ದಿಬ್ಬದ ತುದಿ ಮುಟ್ಟಿತು. ದಿಬ್ಬದ ಕೆಳಗೆ ಲೆಂಪಿ ಎದೆಯ ಮೇಲೆ ಕೈಯಿಟ್ಟುಕೊಂಡಳು, ಆಮೇಲೆ ಫಕ್ಕನೆ ನಕ್ಕಳು.

ಓಸ್ಕರಿ ಕಾಲರಿನಿಂದ ನೀರು ತೊಟ್ಟಿಕ್ಕಿಸುತ್ತಲೇ ಪ್ರಾರ್ಥನೆ ಮುಗಿಸಿದ. ಆಮೇಲೆ, ಮಣ್ಣು ಮಾಡಿ ಬಂದವರ ಊಟದಲ್ಲಿ, ಸಾಲ್ಮನ್ ಮೀನಿನ ಸೂಪಿನ ಮೇಜಿಗೆ ಬಂದು, "ದೇವರ ಸೇವಕ ಕೈ ಅಡ್ಡ ಹಿಡಿದ್ರೂ ನಿಲ್ಲಿಸ್ಲಿಲ್ವಲ್ಲ ಹಿಲ್ಕಾ?" ಎಂದು ಕೇಳಿದ.

"ನಿಲ್ಲಿಸಿದ್ರೆ ದೇವರ ಹತ್ರಾನೇ ಹೋಗ್ತಿದ್ವಿ ಓಸ್ಕರಿ. ಗುಂಪಾಗಿ."

ರೋನಿಯನ್ನು ಅವಳು ಆ ದಿನ ವಾಪಸು ಹೊರಡಲು ಬಿಡಲಿಲ್ಲ. ಮರುದಿನ ಊಟವಾದ ಮೇಲೆ ಖಾಲಿ ಶವವಾಹನದ ಜೊತೆ ಅವನನ್ನು ಕೆರೆಗೆ ಕರೆದೊಯ್ದಳು. ಲಾರಿ ಓಡಾಡುವಷ್ಟು ದಪ್ಪ ಮಂಜುಗಡ್ಡೆ, ಡಿಕ್ಕಿ ಹೊಡೆಯಲು ಒಂದು ಪೊದೆಯೂ ಇಲ್ಲ. "ಈಗ ಬೇಕಂತ ಜಾರು. ಹೇಗೆ ಜಾರುತ್ತೆ ಅಂತ ಸೊಂಟಕ್ಕೆ ಗೊತ್ತಾಗ್ಬೇಕು," ಅಂದಳು. ಕರಿ ಗಾಡಿ ಬುಗುರಿಯಂತೆ ಸುತ್ತಿತು. ರೋನಿ ಮೊದಲು ಕಿರುಚಿದ, ಆಮೇಲೆ ಸ್ಟೀರಿಂಗ್ ಹದವಾಗಿ ಹಿಡಿದ, ಆಮೇಲೆ ನಗತೊಡಗಿದ. ಹಿಲ್ಕಾ ಪಕ್ಕದಲ್ಲಿ ಕೂತು ನಗುತ್ತಿದ್ದವಳು, ಯಾವಾಗಲೋ ತನಗೇ ಗೊತ್ತಾಗದೆ ಅಳತೊಡಗಿದ್ದಳು. ಅವನು ಗಾಡಿ ನಿಲ್ಲಿಸಲು ಹೋದಾಗ ಕೈ ಬೀಸಿ, "ನೀನು ಮುಂದೆ ನೋಡು," ಅಂದಳು.

ದಡದಲ್ಲಿ ಕಾಫಿ ಫ್ಲಾಸ್ಕ್ ಹಿಡಿದು ಊರ ಮಂದಿ ಸೇರಿದ್ದರು. ಹೆಣದ ಗಾಡಿಯಲ್ಲಿ ಇದೆಂಥ ಅವಮರ್ಯಾದೆ ಎಂದು ಲೆಂಪಿ ಎಲ್ಲರೆದುರು ಬೈದಳು. ಗಾಡಿ ಹತ್ತಿರ ಬಂದಾಗ ಬಾಗಿಲು ತಟ್ಟಿ, "ಹಿಂದೆ ಜಾಗ ಇದೆಯಲ್ಲ, ನಾನೂ ಒಂದು ಸುತ್ತು ಬರ್ತೀನಿ," ಅಂದಳು.