ವೇಷದ ಗೂನು, ಮಗಳ ಬೆನ್ನು

ಕೊಡಗನ್ನು ಇಂಗ್ಲಿಷರು ಆಳುತ್ತಿದ್ದ ಕಾಲದ ಮಾತು. ಶನಿವಾರಸಂತೆಯ ಹತ್ತಿರ ಕೆರೆಮೂಲೆ ಎಂಬ ಊರು. ಅಲ್ಲಿ ಕಲ್ಲೇಶಪ್ಪ ಎಂಬ ರೈತನಿದ್ದ. ಹೆಂಡತಿ ಗುರುಸಿದ್ದಮ್ಮ, ಒಬ್ಬಳೇ ಮಗಳು ಹನ್ನೊಂದು ವರ್ಷದ ಸರ್ವಮಂಗಳ. ಉಣ್ಣಲು ಗದ್ದೆ ಇತ್ತು, ಕೈಖರ್ಚಿಗೆ ಒಂದಿಷ್ಟು ಏಲಕ್ಕಿ ಇತ್ತು. ಆದರೆ ಸುತ್ತಲಿನ ಊರಿನವರು ಅವನನ್ನು ಗುರುತಿಸುತ್ತಿದ್ದದ್ದು ಗದ್ದೆಯಿಂದಲ್ಲ. ಸುಗ್ಗಿ ಮುಗಿದ ಮೇಲೆ ಊರವರು ಆಡುವ ಬಯಲಾಟದಲ್ಲಿ ಗೂನಿಯ ವೇಷ ಯಾವಾಗಲೂ ಅವನದೇ.

ಆ ಆಟದ ಗೂನಿ ಒಬ್ಬ ದಾಸಿ. ಚಾಡಿ ಹೇಳಿ ಅಣ್ಣತಮ್ಮಂದಿರ ಮನೆ ಒಡೆಯುವವಳು. ಕಲ್ಲೇಶಪ್ಪ ಭತ್ತದ ಹೊಟ್ಟು ತುಂಬಿದ ಗಂಟನ್ನು ಬೆನ್ನಿಗೆ ಕಟ್ಟಿ, ಮೇಲೆ ಸೀರೆ ಉಟ್ಟು, ಕೋಲೂರಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವೇಷ ಕಟ್ಟುವವನ ಮನೆಯಲ್ಲೇ ಆ ಗಂಟು ಇರಬೇಕೆಂಬುದು ಊರಿನ ವಾಡಿಕೆ. ಅವನ ದೊಡ್ಡಪ್ಪನ ಕಾಲದಿಂದ ಅದು ಅವರ ಅಟ್ಟದ ಮೇಲಿತ್ತು. ಸರ್ವಮಂಗಳ ಚಿಕ್ಕವಳಿದ್ದಾಗ ಅದನ್ನು ಕಟ್ಟಿಕೊಂಡು ಅಪ್ಪನಂತೆ ನಡೆದು ತೋರಿಸುತ್ತಿದ್ದಳು. ಆಗ ಮನೆಮಂದಿಯೆಲ್ಲ ನಕ್ಕಿದ್ದರು.

ಆ ವರ್ಷ ಮಳೆ ಹಿಡಿದಾಗಿನಿಂದ ಸರ್ವಮಂಗಳ ಬಾವಿಕಟ್ಟೆಗೆ ಬರುವುದು ನಿಂತುಹೋಯಿತು. ಕೇಳಿದವರಿಗೆಲ್ಲ ಗುರುಸಿದ್ದಮ್ಮ "ಜ್ವರ ಕಣವ್ವ" ಎಂದು ಹೇಳಿ ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಮಳೆ ನಿಂತಿತು, ಜ್ವರ ಮಾತ್ರ ನಿಲ್ಲಲಿಲ್ಲ ಎಂದರೆ ಯಾರಿಗಾದರೂ ಅನುಮಾನ ಬರಬೇಕಲ್ಲ. ಪಕ್ಕದ ಮನೆಯ ಯಮುನಳಿಗೆ ಬಂತು. ಯಮುನ ಮಂಗಳೂರು ಕಡೆಯವಳು. ಗಂಡ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಇವಳು ಅದೇ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ದಾದಿ.

ಒಂದು ಶನಿವಾರ ಬೆಳಿಗ್ಗೆ ಯಮುನ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಒಳಗೆ ಬಂದಳು. ಸರ್ವಮಂಗಳ ಕಂಬಳಿ ಹೊದ್ದು ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿದ್ದ ಬಳೆಚೂರು ಕೆಳಗೆ ಬಿತ್ತು. ಹುಡುಗಿ ಬಗ್ಗಲಿಲ್ಲ. ಒಂದು ಕೈ ಮೊಣಕಾಲಿಗೆ ಊರಿ, ಬೆನ್ನು ಅಲುಗದಂತೆ ಮೆಲ್ಲಗೆ ಕುಕ್ಕರಗಾಲಿಗೆ ಬಂದು ಅದನ್ನು ಎತ್ತಿಕೊಂಡಳು. ಕಂಬಳಿ ಸರಿದಾಗ ಬೆನ್ನಿನ ನಡುವೆ ಒಂದು ಮೂಳೆ ಹೊರಗೆ ಚಾಚಿದ್ದು ಯಮುನಳಿಗೆ ಕಂಡಿತು.

"ಗುರುಸಿದ್ದಮ್ಮ, ಮಗುವಿಗೆ ಸಂಜೆ ಹೊತ್ತು ಮೈ ಬಿಸಿ ಆಗ್ತದಾ? ನಿದ್ದೇಲಿ ಅಳ್ತಾಳಾ?" ಎಂದು ಕೇಳಿದಳು.

ಗುರುಸಿದ್ದಮ್ಮ ಮಜ್ಜಿಗೆ ಚೊಂಬನ್ನು ಕೆಳಗಿಟ್ಟಳು. "ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಈ ಕಾಯಿಲೆಯೇ ಹಾಗೆ."

"ಕಾಯಿಲೆ ಅಲ್ಲ ಕಣವ್ವ ಇದು," ಎಂದು ಗುರುಸಿದ್ದಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಟ್ಟದ ಮೇಲಿರೋ ಗಂಟು ನನ್ನ ಮಗಳ ಬೆನ್ನಿಗೆ ಇಳೀತು. ದ್ಯಾವರು ಕೊಟ್ಟ ಮೈಯ ಆಡ್ಕೊಂಡ್ ನಕ್ರೆ ಬಿಡ್ತಾನಾ? ಯಾರ ಕೈಲೂ ಹೇಳಬ್ಯಾಡಿ. ಇವತ್ತು ರೇವಣ್ಣ ಬತ್ತಾನೆ, ಸರಿ ಮಾಡ್ತೀನಿ ಅಂದವ್ನೆ."

ರೇವಣ್ಣ ಮೂಳೆ ಕಟ್ಟುವವನು. ಮರದಿಂದ ಬಿದ್ದು ಕೈಕಾಲು ಮುರಿದವರಿಗೆ ಅವನ ಕೈ ಬಂಗಾರ, ಸುಳ್ಳಲ್ಲ. ಆದರೆ ಎಲ್ಲ ನೋವಿಗೂ ಒಂದೇ ಪಟ್ಟು ಹಾಕುವವನೂ ಅವನೇ. ಯಮುನ ಇದನ್ನು ಯೋಚಿಸುವಷ್ಟರಲ್ಲಿ ರೇವಣ್ಣ ಕಲ್ಲೇಶಪ್ಪನ ಜೊತೆ ಅಂಗಳಕ್ಕೆ ಬಂದೇಬಿಟ್ಟ. ಕಾಲು ತೊಳೆದುಕೊಂಡ. ಹರಳೆಣ್ಣೆ ಬಿಸಿ ಮಾಡಲು ಹೇಳಿದ. ಹಲಗೆಯೊಂದನ್ನು ಜಗಲಿಯ ಮೇಲೆ ಹಾಸಿಸಿದ.

"ಬಾ ಮಗ, ಬೋರಲು ಮಲಕ್ಕೋ," ಎಂದ. "ಕಾಲಲ್ಲಿ ಒಂದ್ ಸಲ ತುಳಿದ್ರೆ ಲಟಕ್ ಅಂತ ಕೂತ್ಕತದೆ. ಕಲ್ಲೇಶಪ್ಪ, ನೀನು ಭುಜ ಹಿಡಕೊ."

ಸರ್ವಮಂಗಳ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು. ಯಮುನ ಹೋಗಿ ಹಲಗೆಯ ಮೇಲೆ ಕುಳಿತುಬಿಟ್ಟಳು.

"ಏಳಿ ಯಮುನಮ್ಮ," ಎಂದ ಕಲ್ಲೇಶಪ್ಪ. "ಇದು ನಮ್ಮನೆ ವಿಷಯ."

"ಏಳುದಿಲ್ಲ. ಇದು ಮೂಳೆಗೆ ಬಂದ ಕ್ಷಯ. ಕ್ಷಯ ಎದೆಗೆ ಮಾತ್ರ ಬರುದಲ್ಲ, ಬೆನ್ನುಮೂಳೆಗೂ ಬರ್ತದೆ. ಮೂಳೆ ಒಳಗೇ ಕರಗಿ ಕುಸಿದು, ಬೆನ್ನು ಬಾಗಿದೆ. ಈಗ ತುಳಿದ್ರೆ ಒಳಗಿನ ನರ ಜಜ್ಜಿ ಹೋಗ್ತದೆ. ಮಗು ಮತ್ತೆ ಎದ್ದು ನಡೆಯುದಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಕ್ಷಯ ಅಂದ್ರೆ ಕೆಮ್ಮಬೇಕಲ್ಲ? ಇವಳು ಒಂದಿನ ಕೆಮ್ಮಿಲ್ಲ. ಇದು ನಾ ಕಟ್ಟಿದ ವೇಷದ ಫಲ. ಆಸ್ಪತ್ರೇಲಿ ಪಾಪಕ್ಕೆ ಔಷಧಿ ಕೊಡ್ತಾರಾ?"

"ಆ ಗಂಟನ್ನು ನಿಮಗಿಂತ ಮುಂಚೆ ಕಟ್ಟಿದವರು ಯಾರು?"

"ನಮ್ಮ ದೊಡ್ಡಪ್ಪ."

"ಅವರ ಮಕ್ಕಳಲ್ಲಿ ಯಾರಿಗೆ ಬೆನ್ನು ಬಾಗಿದೆ?"

ಕಲ್ಲೇಶಪ್ಪ ಬೆರಳು ಮಡಿಸಿ ಎಣಿಸಿದ. "ಯಾರಿಗೂ ಇಲ್ಲ. ಎಲ್ಲಾ ನೆಟ್ಟಗವ್ರೆ."

"ಮತ್ತೆ? ವೇಷ ಅಂಟುದಾದ್ರೆ ರಾಜನ ಪಾರ್ಟು ಮಾಡುವ ಮರುಳಸಿದ್ದಪ್ಪನವರು ಇಷ್ಟೊತ್ತಿಗೆ ಅರಮನೆಯಲ್ಲಿ ಇರ್ಬೇಕಿತ್ತಲ್ಲ. ಅವರ ಮನೆ ಮಾಡು ಇನ್ನೂ ಸೋರ್ತಾ ಉಂಟು."

ರೇವಣ್ಣನಿಗೆ ನಗು ಬಂತು. ಕಲ್ಲೇಶಪ್ಪನಿಗೆ ಬರಲಿಲ್ಲ. "ನಿಮಗೆ ತಿಳೀದು ಯಮುನಮ್ಮ," ಎಂದ. "ಇವಳನ್ನ ಹೊರಗೆ ಕರಕೊಂಡ್ ಹೋದ್ರೆ ಜನ ಹೆಂಗ್ ನಗ್ತಾರೆ ಅಂತ ನಂಗೆ ಗೊತ್ತು. ಆ ನಗು ನಾನೇ ಕಲಿಸಿದ್ದು. ನನ್ನ ಮಗಳ ಮೇಲೆ ಅದು ಬೀಳೋದು ಬ್ಯಾಡ. ಇವತ್ತು ತುಳಿಸಿಬಿಡ್ತೀನಿ."

ಕಂಬ ಹಿಡಿದುಕೊಂಡೇ ಸರ್ವಮಂಗಳ ಯಮುನಳ ಕಡೆ ತಿರುಗಿದಳು. "ಯಮುನಕ್ಕ, ಬೆನ್ನು ಪೂರಾ ಬಗ್ಗೋದ್ರೆ ನಾನೂ ಆಟದ ಗೂನಿ ಹಂಗೆ ಕೆಟ್ಟೋಳಾಯ್ತೀನಾ? ಮನೆ ಒಡೀತೀನಾ?"

ಆಟ ನೋಡಿ ನಕ್ಕವರಲ್ಲಿ ಒಬ್ಬರಿಗೂ ಈ ಮಾತು ಹೊಳೆದಿರಲಿಲ್ಲ. ಮಗು ಅದನ್ನು ಎಷ್ಟು ತಿಂಗಳು ಒಳಗೇ ನುಂಗಿಕೊಂಡು ಕೂತಿತ್ತೋ. ಗುರುಸಿದ್ದಮ್ಮ ಮಗಳನ್ನು ತಬ್ಬಿಕೊಳ್ಳಲು ಹೋದಾಗ ಯಮುನ ತಡೆದು, "ಬೆನ್ನು ಒತ್ತಬೇಡಿ, ತಲೆ ಸವರಿ," ಎಂದಳು. ಆಮೇಲೆ ಹುಡುಗಿಗೆ ಹೇಳಿದಳು: "ಕಾಯಿಲೆ ಬಂದದ್ದು ಮೂಳೆಗೆ ಪುಟ್ಟಿ. ಗುಣಕ್ಕೂ ಬೆನ್ನಿಗೂ ಎಂತದೂ ಸಂಬಂಧ ಇಲ್ಲ."

ಅವಳು ರೇವಣ್ಣನ ಕಡೆ ನೋಡಿದಳು. "ನನ್ನ ಮಾತು ನಂಬಬೇಡಿ. ನೀವೇ ಮುಟ್ಟಿ ನೋಡಿ. ಒತ್ತಬೇಡಿ, ಬರೇ ಸವರಿ. ಮತ್ತೆ ಅವಳನ್ನು ಆ ಬಾಗಿಲವರೆಗೆ ನಡೆಯಲಿಕ್ಕೆ ಹೇಳಿ."

ರೇವಣ್ಣ ಬೆರಳ ತುದಿಯಿಂದ ಸವರಿದ. ಹುಡುಗಿ ಹಲ್ಲು ಕಚ್ಚಿದಳು. ನಡೆಯಲು ಹೇಳಿದ. ಒಂದೆರಡು ಹೆಜ್ಜೆ ಸರಿಯಾಗಿ ಇಟ್ಟಳು. ಆಮೇಲೆ ಎಡಗಾಲಿನ ಬೆರಳು ನೆಲಕ್ಕೆ ತಗುಲಿ ಮುಗ್ಗರಿಸಿದಳು. ಬೀಳುವ ಮೊದಲೇ ಅಪ್ಪ ಹಿಡಿದುಕೊಂಡ.

"ಯಾವಾಗಿಂದ ಹಿಂಗೆ?" ಎಂದ.

"ಸುಮಾರ್ ದಿನ ಆಯ್ತು ಅಪ್ಪ. ಕಾಲು ಮರಗಟ್ಟಿದಂಗಾಯ್ತದೆ. ಹೇಳಿದ್ರೆ ಅವ್ವ ಅಳ್ತಾಳೆ ಅಂತ ಹೇಳ್ಲಿಲ್ಲ."

ರೇವಣ್ಣ ಕೈಗೆ ಬಳಿದುಕೊಂಡಿದ್ದ ಎಣ್ಣೆಯನ್ನು ಒರೆಸಿಕೊಂಡ. "ಇದು ಜಾರಿದ ಮೂಳೆ ಅಲ್ಲ ಕಲ್ಲೇಶಪ್ಪ," ಎಂದ. "ಗೆದ್ದಲು ತಿಂದ ತೊಲೆ ಇದ್ದಂಗದೆ. ನಾ ಕಾಲಿಡಕ್ಕಿಲ್ಲ. ಇಟ್ಟಿದ್ರೆ ಈ ಪಾಪ ನನಗೆ ಸುತ್ಕಳ್ಳೋದು. ಯಮುನಮ್ಮ ಹೇಳಿದಂಗೆ ಕೇಳು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ಸಣ್ಣ ಕೆಲಸವಲ್ಲ. ಆ ದಿನ ರೇವಣ್ಣ ಅಷ್ಟು ಮಾಡಿದ್ದಕ್ಕೆ ಅವನಿಗೆ ಕೈಮುಗಿಯಬೇಕು.

ಎಸ್ಟೇಟಿನ ಲಾರಿ ಪ್ರತಿ ಶನಿವಾರ ಸಂತೆಯಲ್ಲಿ ಮೂಟೆ ಇಳಿಸಿ ದೊಡ್ಡಾಸ್ಪತ್ರೆ ಇದ್ದ ಮಡಿಕೇರಿಗೆ ಹೋಗುತ್ತಿತ್ತು. ಮಧ್ಯಾಹ್ನದೊಳಗೆ ಸಂತೆ ಸೇರಿದರೆ ಅದು ಸಿಗುತ್ತದೆ, ತಪ್ಪಿದರೆ ಮುಂದಿನ ವಾರ. "ಮುಂದಿನ ವಾರಕ್ಕೆ ಕಾಲು ಇರ್ತದೋ ಇಲ್ವೋ ಹೇಳಲಿಕ್ಕೆ ಬರುದಿಲ್ಲ," ಎಂದಳು ಯಮುನ.

ಕಲ್ಲೇಶಪ್ಪ ಗಾಡಿ ಕಟ್ಟಲು ಹೊರಟ. ಕಂಬಳಿ ಮುಚ್ಚಿ ಗಾಡಿಯೊಳಗೆ ಕೂರಿಸಿದರೆ ಯಾರಿಗೂ ಕಾಣುವುದಿಲ್ಲವೆಂದು ಅವನ ಲೆಕ್ಕ. ಯಮುನ ಒಪ್ಪಲಿಲ್ಲ. ಗಾಡಿಯ ಕುಲುಕಾಟ ಆಗದು, ಕೂರಿಸುವುದೂ ಆಗದು.

"ಕುರ್ಚಿ ಮೇಲೆ ಕೂರಿಸಿ ಹೊತ್ಕಂಡ್ ಹೋದ್ರೆ?" ಎಂದು ಕಲ್ಲೇಶಪ್ಪ ಮತ್ತೆ ಕೇಳಿದ.

ಗುರುಸಿದ್ದಮ್ಮ ನಡುವೆ ಬಾಯಿ ಹಾಕಿದಳು. "ಬಿಡ್ತು ಅನ್ನಿ. ನಮ್ಮ ಲಿಂಗಾಯತರಲ್ಲಿ ಕೂರಿಸಿ ಹೊರೋದು ಹೆಣಾನ. ಮಲಗಿಸ್ಕೊಂಡೇ ಹೋಗದ."

ರೇವಣ್ಣ ತುಳಿಯಲು ಹಾಸಿದ್ದ ಹಲಗೆಯ ಮೇಲೆಯೇ ಕೌದಿ ಹಾಸಿ ಹುಡುಗಿಯನ್ನು ಅಂಗಾತ ಮಲಗಿಸಿದರು. ಮುಂದೆ ಕಲ್ಲೇಶಪ್ಪ, ಹಿಂದೆ ರೇವಣ್ಣ, ಪಕ್ಕದಲ್ಲಿ ಹೆಂಗಸರಿಬ್ಬರು. ಮುಚ್ಚುಮರೆ ಇಲ್ಲದೆ, ಹಾಡುಹಗಲಲ್ಲಿ, ಜನ ಕಿಕ್ಕಿರಿದ ಸಂತೆಯ ನಡುವೆ ಹೋಗಬೇಕಿತ್ತು. ಮೈಲಿಗಟ್ಟಲೆ ಗದ್ದೆ ಬದುವಿನಲ್ಲಿ ನಡೆದಾಗ ಆಗದ ಆಯಾಸ ಸಂತೆಯ ಬಾಯಿಗೆ ಬಂದಾಗ ಕಲ್ಲೇಶಪ್ಪನಿಗೆ ಆಯಿತು.

ಕಾಫಿ ಅಂಗಡಿಯ ಮುಂದೆ ರಾಜನ ಪಾರ್ಟಿನ ಮರುಳಸಿದ್ದಪ್ಪ ಕುಳಿತಿದ್ದ. ದೂರದಿಂದಲೇ ಕೂಗಿದ: "ಏನ್ಲಾ ಗೂನಿ, ಹಲಗೆ ಹೊತ್ಕೊಂಡು ಎತ್ಲಾಗೆ? ಎಲ್ಲಿ, ಒಂದ್ ನಾಲ್ಕು ಹೆಜ್ಜೆ ಹಾಕಿ ತೋರ್ಸು."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸರ್ವಮಂಗಳ ಕೌದಿಯ ಅಂಚನ್ನು ಮುಖದ ಮೇಲೆ ಎಳೆದುಕೊಂಡಳು. ಕಲ್ಲೇಶಪ್ಪ ನಿಂತ. ಇನ್ನು ಬೈಯುತ್ತಾನೋ, ತಲೆ ತಗ್ಗಿಸಿ ಹೋಗಿಬಿಡುತ್ತಾನೋ ಎಂದು ಯಮುನಳಿಗೆ ಭಯವಾಯಿತು. ಅವನು ಎರಡನ್ನೂ ಮಾಡಲಿಲ್ಲ. ಸಂತೆಗೆಲ್ಲ ಕೇಳುವಂತೆ, ಆಟದಲ್ಲಿ ಮಾತಾಡುವ ಅದೇ ದನಿಯಲ್ಲಿ ಹೇಳಿದ:

"ಇವಳು ನನ್ನ ಮಗಳು ಮರುಳಸಿದ್ದಣ್ಣ. ಬೆನ್ನುಮೂಳೆಗೆ ಕಾಯಿಲೆ ಬಂದದೆ. ಬೆನ್ನು ಬಗ್ಗೈತೆ. ನಾಚಿಕೊಂಡು ಇಷ್ಟು ತಿಂಗಳು ಬಚ್ಚಿಟ್ಟಿದ್ದೆ, ಈಗ ಕಾಲೂ ಹೋಗ್ತಾ ಅದೆ. ಮಡಿಕೇರಿಗೆ ಹೊಂಟಿದೀವಿ. ಲಾರಿ ಬಿಟ್ಟೋಯ್ತದೆ. ನಗೋದಾದ್ರೆ ಆಮೇಲೆ ನಗಿ, ಈಗ ಬಂದು ಹಲಗೆ ಹಿಡೀರಿ."

ಯಾರೂ ನಗಲಿಲ್ಲ. ಮರುಳಸಿದ್ದಪ್ಪ ಲೋಟ ಕೆಳಗಿಟ್ಟು ಬಂದು ಹಲಗೆಯ ಒಂದು ಮೂಲೆ ಹಿಡಿದ. ಬಳೆ ಅಂಗಡಿಯವನೊಬ್ಬ ಇನ್ನೊಂದು ಮೂಲೆ ಹಿಡಿದ. ಯಾರೋ ಮುಂದೆ ಓಡಿಹೋಗಿ ಲಾರಿಯನ್ನು ನಿಲ್ಲಿಸಿದರು. ಕುಲುಕದಂತೆ ಲಾರಿಯಲ್ಲಿ ದಪ್ಪಗೆ ಹುಲ್ಲು ಹಾಸಿ ಹಲಗೆಯನ್ನು ಅದರ ಮೇಲಿಟ್ಟರು.

ಮಡಿಕೇರಿಯ ಡಾಕ್ಟರು ನೋಡಿ, ಯಮುನ ಹೇಳಿದ್ದನ್ನೇ ಹೇಳಿದರು. ಬೆನ್ನಿಗೆ ಗಾರೆಯಂತೆ ಗಟ್ಟಿಯಾಗುವ ಪಟ್ಟಿ ಕಟ್ಟಿದರು. ಕ್ಷಯಕ್ಕೆ ಆಗಿನ ಕಾಲದಲ್ಲಿ ಮಾತ್ರೆ ಇರಲಿಲ್ಲ. ಅಲುಗದೆ ಮಲಗುವುದು, ಬಿಸಿಲು, ಹಾಲು, ಸೊಪ್ಪು, ಕಾಳು, ಇಷ್ಟೇ ಔಷಧಿ. ಸರ್ವಮಂಗಳ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲ ಕಳೆಯುವವರೆಗೆ ಮಲಗಿಯೇ ಇದ್ದಳು. ಬೆನ್ನು ಪೂರ್ತಿ ನೆಟ್ಟಗಾಯಿತೇ? ಇಲ್ಲ. ಸುಳ್ಳು ಹೇಳಿ ನಿಮ್ಮನ್ನು ಒಪ್ಪಿಸುವುದು ನನಗೆ ಬೇಡ. ಬಾಗಿದ್ದು ಬಾಗಿಯೇ ಉಳಿಯಿತು, ಅಲ್ಲಿಂದ ಮುಂದಕ್ಕೆ ಬಾಗಲಿಲ್ಲ. ಕಾಲಿಗೆ ಬಲ ಬಂತು. ತನ್ನ ಕಾಲ ಮೇಲೆ ತಾನೇ ನಡೆದು ಬಾವಿಕಟ್ಟೆಗೆ ಬಂದಳು.

ಮುಂದಿನ ಸುಗ್ಗಿಯ ಆಟದಲ್ಲಿ ಕಲ್ಲೇಶಪ್ಪ ದಾಸಿಯ ವೇಷವನ್ನು ಗಂಟಿಲ್ಲದೆ ಕಟ್ಟಿದ. "ಇದೆಂಥದೋ, ಗೂನಿಲ್ಲದ ಗೂನಿ?" ಎಂದು ಮರುಳಸಿದ್ದಪ್ಪ ಗೊಣಗಿದಾಗ, "ಮನೆ ಒಡೆಯೋರು ನೆಟ್ಟಗೇ ನಡೀತಾರೆ ಕಣಣ್ಣ," ಎಂದನಂತೆ. ಆ ವರ್ಷ ಜನ ನಗುವುದು ಕಡಿಮೆಯಾಯಿತು, ದಾಸಿಗೆ ಬೈಯುವುದು ಜೋರಾಯಿತು.

ಈ ಕಥೆ ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಬೆನ್ನು ಬಾಗಲು ಕಾರಣ ಒಂದೇ ಅಲ್ಲ. ಕೆಲವು ಮಕ್ಕಳಿಗೆ ಬೆಳೆಯುವ ವಯಸ್ಸಿನಲ್ಲಿ ನೋವಿಲ್ಲದೆಯೂ ಬೆನ್ನು ಒಂದು ಪಕ್ಕಕ್ಕೆ ವಾಲುತ್ತದೆ. ಎಣ್ಣೆನೀರು ಹಾಕುವ ದಿನ ಮಗುವನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿ. ಒಂದು ಭುಜ ಮೇಲಿದ್ದರೆ, ಬೆನ್ನಿನ ಒಂದು ಪಕ್ಕ ಉಬ್ಬಿದ್ದರೆ ಡಾಕ್ಟರಿಗೆ ತೋರಿಸಿ. ಬೆನ್ನುನೋವಿನ ಜೊತೆ ಸಂಜೆ ಜ್ವರ ಬಂದರೆ, ಮೈ ಇಳಿದರೆ, ಕಾಲು ಜೋಮು ಹಿಡಿದರೆ, ಒಂದು ದಿನವೂ ಕಾಯಬೇಡಿ. ಬೆನ್ನನ್ನು ತುಳಿಸಬೇಡಿ, ತಿಕ್ಕಿಸಬೇಡಿ. ಸರ್ವಮಂಗಳಳಿಗೆ ಸಿಗದ ಮಾತ್ರೆ ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಡಾಕ್ಟರು ಹೇಳಿದಷ್ಟು ತಿಂಗಳು ತಪ್ಪದೆ ನುಂಗಿಸಿದರೆ ಬೆನ್ನುಮೂಳೆಯ ಕ್ಷಯ ವಾಸಿಯಾಗುತ್ತದೆ.

ಇನ್ನೊಂದು ಮಾತು. ನಾಟಕದಲ್ಲಿ, ಸಿನಿಮಾದಲ್ಲಿ, ಟಿವಿಯ ಹಾಸ್ಯದಲ್ಲಿ ಗೂನು ಕಟ್ಟಿಕೊಂಡು ಯಾರಾದರೂ ನಗಿಸಲು ಬಂದಾಗ, ನಿಮ್ಮ ಪಕ್ಕದಲ್ಲಿ ಕೂತ ಮಗುವಿನ ಮುಖ ಒಮ್ಮೆ ನೋಡಿ. ಬೆನ್ನುನೋವನ್ನು ಯಾರಿಗೂ ಹೇಳದೆ ಕೂತ ಮಗು ನಿಮ್ಮ ನಗುವನ್ನೇ ಕೇಳಿಸಿಕೊಳ್ಳುತ್ತಿರಬಹುದು. ಆ ಮಗುವನ್ನು ಬಚ್ಚಿಡಬೇಡಿ. ಬಚ್ಚಿಟ್ಟ ಒಂದೊಂದು ತಿಂಗಳೂ ಅದರ ಕಾಲಿನ ಬಲದಿಂದಲೇ ಕಳೆದುಹೋಗುತ್ತದೆ.